ದಿನಕ್ಕೆ 96: ಕಸಾಯಿಖಾನೆಯನ್ನು ಲೆಕ್ಕದಿಂದ ನೋಡುವುದು

(ಮುಂಬಯಿಯ ಚೆಂಬೂರಿನಲ್ಲಿ ಕನ್ನಡಿಗರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಇಲ್ಲಿಂದ ದೇವನಾರ ದೂರವೇನಲ್ಲ, ರಿಕ್ಷಾ ಹಿಡಿದರೆ ಸಾಕು. ಹಿಂದೆ ಬಾಂದ್ರಾದಲ್ಲಿದ್ದ ಕಸಾಯಿಖಾನೆಯ ಕೆಲಸ 1971ರಲ್ಲಿ ದೇವನಾರದ 64 ಎಕರೆಗೆ ಬಂತು. ಅಂದಿನಿಂದ ಈ ಊರಿನ ಮಟನ್ನಿನ ದೊಡ್ಡ ಪಾಲು ಮಹಾನಗರಪಾಲಿಕೆಯ ಆ ಗೇಟಿನಿಂದಲೇ ಹೊರಗೆ ಬರುತ್ತಿದೆ. ಈ ಸಭೆಯಲ್ಲಿ ಹೋಟೆಲ್ ನಡೆಸುವವರು ಬಹಳ ಮಂದಿ ಇದ್ದೀರಿ. ನಿಮ್ಮ ಸುಕ್ಕಾಕ್ಕೂ ಸಾರಿಗೂ ಆ ಗೇಟಿಗೂ ಇರುವ ನಂಟನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಕಸಾಯಿಖಾನೆಯಲ್ಲಿ ಪ್ರಾಣಿಯ ಕ್ಷೇಮ ಎಂದರೆ ಒಬ್ಬರು ನಗುತ್ತಾರೆ: ಕೊಲ್ಲುವುದೇ ಆದಮೇಲೆ ಕ್ಷೇಮ ಎಲ್ಲಿಯದು? ಇನ್ನೊಬ್ಬರು ಎಲ್ಲವನ್ನೂ ಮುಚ್ಚಿಸಿ ಎನ್ನುತ್ತಾರೆ. ಇವತ್ತಿನ ಮಾತು ಇಬ್ಬರಿಗೂ ಅಷ್ಟು ರುಚಿಸಲಿಕ್ಕಿಲ್ಲ. ನಮ್ಮ ಕಾನೂನು ಇವರಿಬ್ಬರ ನಡುವೆ ನಿಂತಿದೆ. ಕೊಲ್ಲಬಹುದು, ಆದರೆ ಹೀಗೆ, ಇಷ್ಟು ಜಾಗದಲ್ಲಿ, ಇಷ್ಟು ಹೊತ್ತು ಬಿಟ್ಟು, ಇಂಥವರು ನೋಡಿದ ಮೇಲೆ ಎನ್ನುತ್ತದೆ. ಅದರಲ್ಲಿ ಬಹುಪಾಲು ಅಂಕಿಗಳಲ್ಲೇ ಇದೆ. ಅಂಕಿ ಇದ್ದರೆ ಭಾಗಾಕಾರ ಮಾಡಬಹುದು. ಒಳಗೆ ಕಾಲಿಡದೆಯೇ ಒಂದು ಕಸಾಯಿಖಾನೆಯ ಬಗ್ಗೆ ಬಹಳಷ್ಟು ತಿಳಿಯುವುದು ಈ ಭಾಗಾಕಾರದಿಂದ.

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ 2001ರಲ್ಲಿ ಕಸಾಯಿಖಾನೆ ನಿಯಮಗಳು ಬಂದವು. ದಿನಕ್ಕೆ 10 ಅಥವಾ ಹೆಚ್ಚು ಪ್ರಾಣಿ ಕಡಿಯುವ, ಲೈಸೆನ್ಸ್ ಇರುವ ಜಾಗ ಅದರ ಪ್ರಕಾರ ಕಸಾಯಿಖಾನೆ. ಗಬ್ಬದ ಪ್ರಾಣಿ, ಮೂರು ತಿಂಗಳೊಳಗಿನ ಮರಿ, ಮೂರು ತಿಂಗಳೊಳಗಿನ ಮರಿ ಇರುವ ತಾಯಿ, ಪಶುವೈದ್ಯರ ಸರ್ಟಿಫಿಕೇಟ್ ಇಲ್ಲದ ಪ್ರಾಣಿ, ಇವು ಯಾವುದನ್ನೂ ಕಡಿಯುವ ಹಾಗಿಲ್ಲ. ಆಮೇಲೆ ಬರುತ್ತದೆ ಇಡೀ ನಿಯಮಾವಳಿಯ ಕೀಲಿಕೈಯಂಥ ಸಾಲು: ಒಬ್ಬ ಪಶುವೈದ್ಯ ಗಂಟೆಗೆ 12ಕ್ಕಿಂತ ಹೆಚ್ಚು, ದಿನಕ್ಕೆ 96ಕ್ಕಿಂತ ಹೆಚ್ಚು ಪ್ರಾಣಿಗಳನ್ನು ಪರೀಕ್ಷಿಸಬಾರದು. ಅಂದರೆ ತಲೆಗೆ ಐದು ನಿಮಿಷ, ಎಂಟು ಗಂಟೆ ಕೆಲಸ.

ಐದು ನಿಮಿಷದಲ್ಲಿ ಏನು ನೋಡುತ್ತಾರೆ? ಪ್ರಾಣಿ ನಿಂತಿರುವಾಗ ಒಮ್ಮೆ, ನಡೆಯುವಾಗ ಒಮ್ಮೆ, ಎರಡೂ ಮಗ್ಗುಲಿನಿಂದ ನೋಡಬೇಕು. ಕುಂಟುತ್ತಿದೆಯೇ, ಉಸಿರು ಪಕ್ಕೆಯಿಂದ ಎಳೆಯುತ್ತಿದೆಯೇ, ಮೂಗಿನಲ್ಲಿ ಕೀವು ಇದೆಯೇ, ಹಿಂಗಾಲಿಗೆ ಭೇದಿ ಮೆತ್ತಿದೆಯೇ. ಜೊಲ್ಲು ಸುರಿಸುತ್ತಿದ್ದರೆ ಬಾಯಿ ಬಿಡಿಸಿ ನಾಲಗೆ, ವಸಡು, ಆಮೇಲೆ ಗೊರಸಿನ ಸಂದು: ಕಾಲುಬಾಯಿ ರೋಗದ ಗುಳ್ಳೆಗಳು ಅಲ್ಲೇ ಏಳುವುದು. ಹೆಣ್ಣಾದರೆ ಕೆಚ್ಚಲು, ಹೊಟ್ಟೆ. ಅನುಮಾನ ಬಂದದ್ದಕ್ಕೆ ಥರ್ಮಾಮೀಟರು. ಅದೊಂದೇ ಒಂದು ನಿಮಿಷ ತಿನ್ನುತ್ತದೆ. ಇದ್ದಕ್ಕಿದ್ದಂತೆ ಸತ್ತು ಬಿದ್ದು ಮೂಗು, ಗುದದಿಂದ ಕಪ್ಪು ರಕ್ತ ಬಂದಿದ್ದರೆ ಆ ಹೆಣಕ್ಕೆ ಚಾಕು ತಾಗಿಸಲೇಬಾರದು. ಅದು ನೆರಡಿ ರೋಗ, ಆಂಥ್ರಾಕ್ಸ್, ಇರಬಹುದು. ಗಾಳಿ ತಾಗಿದರೆ ಅದರ ರೋಗಾಣು ಬೀಜಕಣಗಳಾಗಿ ಆ ನೆಲದಲ್ಲಿ ವರ್ಷಗಟ್ಟಲೆ ಉಳಿಯುತ್ತದೆ.

ಈಗ ಲೆಕ್ಕ. ದಿನಕ್ಕೆ 1,500 ಆಡು-ಕುರಿ, 200 ಎಮ್ಮೆ-ಕೋಣ ಕಡಿಯುವ ಒಂದು ಕಸಾಯಿಖಾನೆ ಇದೆ ಎಂದುಕೊಳ್ಳೋಣ. 1,700ನ್ನು 96ರಿಂದ ಭಾಗಿಸಿದರೆ 17.7. ಬರೀ ಜೀವಂತ ಪ್ರಾಣಿಗಳ ಪರೀಕ್ಷೆಗೇ 18 ಪಶುವೈದ್ಯರು ಬೇಕಾಯಿತು. ಕಡಿದ ಮೇಲಿನ ಪರೀಕ್ಷೆಗೆ ಬೇರೆಯವರು, ರಜೆಗೆ ಬದಲಿಯವರು ಬೇರೆ. ಅಲ್ಲಿ ಆರು ಮಂದಿಯಷ್ಟೇ ಹಾಜರಿದ್ದು 1,700 ಸರ್ಟಿಫಿಕೇಟ್ ಹೊರಟಿದ್ದರೆ, ಯಾರ ಮೇಲೂ ಲಂಚದ ಆರೋಪ ಹೊರಿಸದೆ ಒಂದು ಮಾತು ಹೇಳಬಹುದು: ಪರೀಕ್ಷೆ ನಡೆದಿಲ್ಲ, ಸಹಿ ನಡೆದಿದೆ.

ರಿಜಿಸ್ಟರಿನಲ್ಲಿ ಇದು ಹೇಗೆ ಕಾಣುತ್ತದೆ? ಬೆಳಿಗ್ಗೆ 6:10ಕ್ಕೆ ಲಾರಿ ಬಂತು, 6:40ಕ್ಕೆ 140 ಆಡು ಪಾಸು ಎಂದು ಬರೆದಿದೆ ಅನ್ನಿ. 30 ನಿಮಿಷಕ್ಕೆ 1,800 ಸೆಕೆಂಡು, ತಲೆಗೆ 13 ಸೆಕೆಂಡಿಗೂ ಕಡಿಮೆ. ಬಾಯಿ ಬಿಡಿಸುವ ಮಾತು ಹಾಗಿರಲಿ, ಎಣಿಸುವುದಕ್ಕೇ ಅಷ್ಟು ಹೊತ್ತು ಬೇಕು. ಅದೇ ಸಾಲಿನಲ್ಲಿ ಇನ್ನೂ ಬಲಕ್ಕೆ ಹೋಗಿ. ಕಡಿದ ಸಮಯ ಅದೇ ರಾತ್ರಿ 11 ಎಂದಿದ್ದರೆ ಪ್ರಾಣಿಗೆ ಸಿಕ್ಕ ವಿಶ್ರಾಂತಿ 17 ಗಂಟೆಯೂ ಇಲ್ಲ. ನಿಯಮ ಹೇಳುವುದು ಪರೀಕ್ಷೆ ಮುಗಿದ ಮೇಲೆ 24 ಗಂಟೆ. ಇಡೀ ತಿಂಗಳ 'ತಿರಸ್ಕೃತ' ಕಾಲಂ ಖಾಲಿ ಇದ್ದರಂತೂ ಮುಂದೆ ಓದುವುದೇ ಬೇಡ.

ಆ 24 ಗಂಟೆ ತಂಗುವ ಕೊಟ್ಟಿಗೆಗೆ ಲೇರೇಜ್ ಎನ್ನುತ್ತಾರೆ. ದೊಡ್ಡ ಪ್ರಾಣಿಗೆ 2.8 ಚದರ ಮೀಟರ್, ಚಿಕ್ಕದಕ್ಕೆ 1.6. ನಮ್ಮ ಲೆಕ್ಕದ ಕಸಾಯಿಖಾನೆಗೆ 2,400 ಮತ್ತು 560 ಸೇರಿ 2,960 ಚದರ ಮೀಟರ್, ಹತ್ತಿರ ಹತ್ತಿರ 32,000 ಚದರ ಅಡಿ. ಮುಂಬಯಿಯ ಭಾಷೆಯಲ್ಲಿ ಹೇಳುವುದಾದರೆ 500 ಚದರ ಅಡಿಯ 64 ಫ್ಲ್ಯಾಟು. ಅದೂ ಒಂದು ದಿನದ ಸರಕಿಗೆ ಮಾತ್ರ. ಪ್ರಾಣಿಗಳು ದಿನವೂ ಒಂದೇ ಸಮನಾಗಿ ಬರುವುದಿಲ್ಲ, ಬಜಾರಿನ ದಿನ ಒಟ್ಟಿಗೆ ಬಂದು ಇಳಿಯುತ್ತವೆ. ಹೊಸ ಕಸಾಯಿಖಾನೆಯ ನಕ್ಷೆಗಳಲ್ಲಿ ಮಷಿನ್ನುಗಳಿಗೆ, ಶೀತಲ ಕೋಣೆಗಳಿಗೆ ಧಾರಾಳ ಜಾಗ ಬಿಟ್ಟು ಮೂಲೆಯಲ್ಲಿ ಒಂದು ಚಿಕ್ಕ ಚೌಕಕ್ಕೆ 'ಲೇರೇಜ್' ಎಂದು ಬರೆದಿರುವುದುಂಟು. ನನ್ನ ಮಟ್ಟಿಗೆ ಮೊದಲು ಅಳೆಯಬೇಕಾದ್ದು ಆ ಚೌಕವನ್ನೇ.

ವಿಶ್ರಾಂತಿ ಏಕೆ ಬೇಕು ಎನ್ನುವುದಕ್ಕೆ ದಯೆಯ ಉತ್ತರ ಒಂದಾದರೆ ಮಾಂಸದ ಉತ್ತರ ಇನ್ನೊಂದು. ಸ್ನಾಯುವಿನಲ್ಲಿ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಇರುತ್ತದೆ. ಸತ್ತ ಮೇಲೆ ಅದು ಲ್ಯಾಕ್ಟಿಕ್ ಆಮ್ಲವಾಗಿ, ಸುಮಾರು 7 ಇದ್ದ ಪಿಎಚ್ (ಹುಳಿಯ ಅಳತೆ, ಆಮ್ಲ ಹೆಚ್ಚಿದಷ್ಟೂ ಅಂಕಿ ಕಡಿಮೆ) ಒಂದು ದಿನದೊಳಗೆ 5.4ರಿಂದ 5.7ಕ್ಕೆ ಇಳಿಯುತ್ತದೆ. ಎರಡು ದಿನ ಲಾರಿಯಲ್ಲಿ ನಿಂತು, ನೀರಿಲ್ಲದೆ, ಒಂದಕ್ಕೊಂದು ಹಾಯುತ್ತ ಬಂದ ಪ್ರಾಣಿಯಲ್ಲಿ ಆ ದಾಸ್ತಾನು ಮೊದಲೇ ಖಾಲಿ. ಪಿಎಚ್ 6ರ ಮೇಲೇ ನಿಂತುಬಿಡುತ್ತದೆ. ಅಂಥ ಮಾಂಸ ಕಪ್ಪಗೆ, ಗಟ್ಟಿಯಾಗಿ, ಒಣಗಿದ ಹಾಗೆ ಇರುತ್ತದೆ, ಬೇಗ ಕೆಡುತ್ತದೆ. ಬೆಳಿಗ್ಗೆ ಬಂದ ಮಟನ್ ಸಂಜೆಗೇ ವಾಸನೆ ಬಂತೆಂದು ಫ್ರಿಜ್ಜನ್ನು ಬೈಯುವ ಮೊದಲು ಆ ಲಾರಿಯನ್ನೂ ನೆನೆಯಬಹುದು. ಎಮ್ಮೆ ಮಾಂಸದ ರಫ್ತಿನಲ್ಲಿ ಈ ಅಂಕಿಗೆ ಇನ್ನೂ ಬೆಲೆ ಹೆಚ್ಚು. ಕಾಲುಬಾಯಿ ರೋಗದ ವೈರಸ್ ಪಿಎಚ್ 6ರ ಕೆಳಗೆ ಉಳಿಯುವುದಿಲ್ಲವಾದ್ದರಿಂದ, ಮಾಂಸವನ್ನು 24 ಗಂಟೆ ತಣ್ಣಗೆ ಇಟ್ಟು, ಪಿಎಚ್ 6ಕ್ಕಿಂತ ಕೆಳಗೆ ಬಂದಿದೆ ಎಂದು ಅಳೆದೇ ಮೂಳೆ ಬಿಡಿಸುತ್ತಾರೆ.

ಮೇವನ್ನು ಕಡಿಯುವ ಮುಂಚೆ ನಿಲ್ಲಿಸುತ್ತಾರೆ, ಇಲ್ಲದಿದ್ದರೆ ತುಂಬಿದ ಹೊಟ್ಟೆ ಕರುಳು ತೆಗೆಯುವಾಗ ಒಡೆದು ಮಾಂಸವೆಲ್ಲ ಹೊಲಸಾಗುತ್ತದೆ. ನೀರನ್ನು ಮಾತ್ರ ನಿಲ್ಲಿಸುವ ಹಾಗಿಲ್ಲ. ತೊಟ್ಟಿ ಇದ್ದರೆ ಸಾಲದು. ಬಲವಾದ ಹೋತಗಳು ಅದರ ಮುಂದೆ ನಿಂತುಬಿಟ್ಟರೆ ಮೂಲೆಯ ಬಡಕಲು ಆಡಿಗೆ ದಿನವಿಡೀ ಒಂದು ಗುಟುಕೂ ಸಿಗುವುದಿಲ್ಲ. ಎರಡು ಕಡೆ ತೊಟ್ಟಿ ಇಡಬೇಕಾದ್ದು ಅದಕ್ಕೆ.

ಲಾರಿಯ ಲೆಕ್ಕವೂ ಇದೆ. 2016ರ ಜನವರಿಯಿಂದ ಜಾರಿಯಲ್ಲಿರುವ ಮೋಟಾರು ವಾಹನ ನಿಯಮದ ಪ್ರಕಾರ ಎಮ್ಮೆಗೆ 2 ಚದರ ಮೀಟರ್, ಆಡು-ಕುರಿಗೆ 0.3, ಹಂದಿಗೆ 0.6, ನಡುವೆ ಗಟ್ಟಿಯಾದ ವಿಭಜಕಗಳೂ ಇರಬೇಕು. 17 ಅಡಿ ಉದ್ದ 7 ಅಡಿ ಅಗಲದ ಲಾರಿಯ ನೆಲ ಸುಮಾರು 11 ಚದರ ಮೀಟರ್. ಅದರಲ್ಲಿ ಎಮ್ಮೆ ಐದು, ಆಡು ಒಂದು ಅಂತಸ್ತಿಗೆ 36. ಹೆದ್ದಾರಿಯಲ್ಲಿ ನೀವು ನೋಡುವುದು ಎಷ್ಟು ಎಂದು ನೀವೇ ಎಣಿಸಿಕೊಳ್ಳಿ. ಸಾಗಣೆದಾರನಿಗೆ ಕೇಳಿದರೆ ಅವನ ಲೆಕ್ಕವೂ ಸುಳ್ಳಲ್ಲ: ಐದು ಎಮ್ಮೆಗೆ ಡೀಸೆಲ್ ಖರ್ಚು ಹುಟ್ಟುವುದಿಲ್ಲ ಎನ್ನುತ್ತಾನೆ. ಬಾಡಿಗೆ ಕೊಡುವ ವ್ಯಾಪಾರಿಯನ್ನು ಬಿಟ್ಟು ಬರೀ ಡ್ರೈವರನ ಮೇಲೆ ಕೇಸು ಹಾಕಿದರೆ ಏನೂ ಬದಲಾಗದಿರುವುದು ಇದರಿಂದಲೇ.

ಅತಿ ಹೆಚ್ಚು ಗಾಯವಾಗುವುದು ಇಳಿಸುವಾಗ. ಲಾರಿಯ ನೆಲ ನಾಲ್ಕು ಅಡಿ ಎತ್ತರದಲ್ಲಿರುತ್ತದೆ. ಇಳಿಜಾರು 20 ಡಿಗ್ರಿ ಮೀರಬಾರದು ಎಂದರೆ ರ‍್ಯಾಂಪ್ ಕನಿಷ್ಠ 11 ಅಡಿ ಮುಂದಕ್ಕೆ ಚಾಚಿರಬೇಕು, ಮೇಲೆ ಕಾಲು ಊರಲು ಅಡ್ಡಪಟ್ಟಿ ಇರಬೇಕು. ರ‍್ಯಾಂಪ್ ಇಲ್ಲದ ಕಡೆ ಆಡನ್ನು ಒಂದು ಹಿಂಗಾಲು ಹಿಡಿದು ಎಳೆದು ಕೆಳಕ್ಕೆ ಬಿಡುತ್ತಾರೆ. ಚರ್ಮ ಸುಲಿದಾಗ ತೊಡೆಯ ಒಳಭಾಗದಲ್ಲಿ ಅಂಗೈಯಗಲ ರಕ್ತ ಹೆಪ್ಪುಗಟ್ಟಿರುತ್ತದಲ್ಲ, ಅದು ಹೀಗೆ ಬಂದದ್ದು. ಬಣ್ಣ ಕೆಂಪಗಿದ್ದರೆ ಪೆಟ್ಟು ಹೊಸದು, ಹಳದಿ-ಹಸಿರಿಗೆ ತಿರುಗಿದ್ದರೆ ಕೆಲವು ದಿನ ಹಳೆಯದು, ಅಂದರೆ ಊರಿನ ಸಂತೆಯಲ್ಲೋ ದಾರಿಯಲ್ಲೋ ಬಿದ್ದದ್ದು. ಒಳ್ಳೆಯ ಇನ್‌ಸ್ಪೆಕ್ಟರು ಈ ಬಣ್ಣ ನೋಡಿ ತಪ್ಪು ಎಲ್ಲಿ ನಡೆಯಿತೆಂದು ಹೇಳುತ್ತಾರೆ.

ಒಳಗೆ ನೆಲದ ಮಾತು. ನಿಯಮ ಕೇಳುವುದು ನೀರು ಹೀರದ, ಗೀರು ಹಾಕಿದ, ಗೊರಸು ಜಾರದ ಕಾಂಕ್ರೀಟು. ತೊಳೆದು ತೊಳೆದು ನುಣುಪಾದ ನೆಲದಲ್ಲಿ ಎಮ್ಮೆ ಒಮ್ಮೆ ಜಾರಿತೆಂದರೆ ಆಮೇಲೆ ಒಂದು ಹೆಜ್ಜೆಯನ್ನೂ ಇಡುವುದಿಲ್ಲ. ಆಗ ಶುರು ಬಾಲ ತಿರುಚುವುದು, ಕೋಲು ಚುಚ್ಚುವುದು. ಬಾಲದ ಗೆಣ್ಣು ಮುರಿದ ಎಮ್ಮೆಗಳು ಕಂಡರೆ ಕೆಲಸಗಾರ ಕ್ರೂರಿ ಎಂದು ತೀರ್ಪು ಕೊಡುವ ಮೊದಲು ನೆಲವನ್ನು, ಬೆಳಕನ್ನು ನೋಡಬೇಕು. ಬೆಳಕಿನಿಂದ ಕತ್ತಲೆಗೆ ಪ್ರಾಣಿ ಹೋಗಲೊಲ್ಲದು. ನೇತಾಡುವ ಸರಪಳಿ, ದಾರಿಗೆ ಅಡ್ಡ ಬಂದ ಚರಂಡಿ ಜಾಲರಿ, ನೀರಿನಲ್ಲಿ ಹೊಳೆಯುವ ಟ್ಯೂಬ್‌ಲೈಟು, ಇಷ್ಟು ಸಾಕು ಸಾಲೆಲ್ಲ ನಿಲ್ಲುವುದಕ್ಕೆ. ನಡೆಸುವವನು ಪ್ರಾಣಿಯ ಭುಜದ ಹಿಂದೆ ನಿಂತರೆ ಅದು ಮುಂದೆ ಹೋಗುತ್ತದೆ, ಭುಜದ ಮುಂದೆ ನಿಂತರೆ ಹಿಂದೆ ಸರಿಯುತ್ತದೆ. ದನ ಕಾದವರಿಗೆ ಇದು ಹೊಸತಲ್ಲ, ಇಕ್ಕಟ್ಟಿನ ಓಣಿಯಲ್ಲಿ ಮರೆತುಹೋಗುತ್ತದೆ. ಅಮೆರಿಕದ ಪಶುವಿಜ್ಞಾನಿ ಟೆಂಪಲ್ ಗ್ರಾಂಡಿನ್ ಇದನ್ನೆಲ್ಲ ಎಣಿಕೆಗೆ ತಂದರು: ನೂರರಲ್ಲಿ ಬಿದ್ದದ್ದು ಒಂದಕ್ಕಿಂತ ಹೆಚ್ಚಿರಬಾರದು, ದನಗಳಲ್ಲಿ ಅರಚಿದ್ದು ಮೂರಕ್ಕಿಂತ ಹೆಚ್ಚಿರಬಾರದು. ಎಣಿಸಲು ಒಂದು ಪೆನ್ನು, ಒಂದು ಹಾಳೆ, ನಿಂತು ನೋಡಲು ಒಂದು ಗಂಟೆ ಸಾಕು. ನಮ್ಮಲ್ಲಿ ಯಾವ ಕಸಾಯಿಖಾನೆಯೂ ಹಣ ಇಲ್ಲವೆಂದು ಇದನ್ನು ತಪ್ಪಿಸಿಕೊಳ್ಳಲಾಗದು.

ಒಂದು ಪ್ರಾಣಿಯ ಕಣ್ಣೆದುರು ಇನ್ನೊಂದನ್ನು ಕಡಿಯಬಾರದು ಎಂಬ ನಿಯಮ ಎಲ್ಲರಿಗೂ ಗೊತ್ತು, ಎಲ್ಲಕ್ಕಿಂತ ಹೆಚ್ಚಾಗಿ ಮುರಿಯುವುದೂ ಅದನ್ನೇ. ಪ್ರತಿ ಪ್ರಾಣಿಗೆ ಪ್ರತ್ಯೇಕ ಕಟ್ಟೆ ಮಾಡಿದರೆ ವೇಗ ಕುಸಿಯುತ್ತದೆ ಎಂದು ಸಾಲಾಗಿ ಮಲಗಿಸುತ್ತಾರೆ.

ಕಡಿಯುವ ಘಳಿಗೆಯ ಬಗ್ಗೆ ಸುತ್ತಿಬಳಸದೆ ಹೇಳಬೇಕು. 1960ರ ಕಾಯ್ದೆಯ ಸೆಕ್ಷನ್ 28ರ ಪ್ರಕಾರ ಯಾವುದೇ ಸಮುದಾಯದ ಧರ್ಮ ಬಯಸುವ ರೀತಿಯಲ್ಲಿ ಕೊಲ್ಲುವುದು ಈ ಕಾಯ್ದೆಯಡಿ ಅಪರಾಧವಲ್ಲ. ಆದರೆ ಆ ವಿನಾಯಿತಿ ಕೊಲ್ಲುವ ರೀತಿಗೆ ಮಾತ್ರ. ಲಾರಿಗೆ, ನೀರಿಗೆ, 24 ಗಂಟೆಗೆ, 1.6 ಚದರ ಮೀಟರಿಗೆ ಯಾವ ಧರ್ಮದ ವಿನಾಯಿತಿಯೂ ಇಲ್ಲ. ಚರ್ಚೆಯೆಲ್ಲ ಕೊನೆಯ ಒಂದು ನಿಮಿಷದ ಸುತ್ತ ನಡೆದು, ಅದರ ಹಿಂದಿನ ಎರಡು ದಿನಗಳ ಬಗ್ಗೆ ಯಾರೂ ಬಾಯಿ ಬಿಡದಿರುವುದು ಪ್ರಾಣಿಯನ್ನು ಬಿಟ್ಟು ಉಳಿದವರಿಗೆಲ್ಲ ಅನುಕೂಲ.

ಪ್ರಜ್ಞೆ ತಪ್ಪಿಸದೆ ಕೊಯ್ಯುವಲ್ಲಿ ಎಲ್ಲವೂ ಚಾಕುವಿನ ಮೇಲೆ ನಿಂತಿದೆ. ಅಲಗು ಕುತ್ತಿಗೆಯ ಅಗಲಕ್ಕಿಂತ ಎರಡು ಪಟ್ಟು ಉದ್ದ ಇರಬೇಕು, ಎಲ್ಲೂ ಹಲ್ಲು ಬಿದ್ದಿರಬಾರದು, ಎರಡೂ ಕಡೆಯ ರಕ್ತನಾಳಗಳು ಒಂದೇ ಎಳೆತದಲ್ಲಿ ತುಂಡಾಗಬೇಕು. ಕುರಿಗೆ ಸಾಮಾನ್ಯವಾಗಿ 20 ಸೆಕೆಂಡಿನೊಳಗೆ ಪ್ರಜ್ಞೆ ಹೋಗುತ್ತದೆ. ದನ-ಎಮ್ಮೆಗಳ ಕತೆ ಬೇರೆ: ಬೆನ್ನುಮೂಳೆಯ ಮಗ್ಗುಲಲ್ಲಿ ಸಾಗುವ ನಾಳಗಳು ಮೆದುಳಿಗೆ ರಕ್ತ ಒಯ್ಯುತ್ತಲೇ ಇರುತ್ತವೆ, ತುಂಡಾದ ನಾಳದ ತುದಿ ಉಬ್ಬಿ ಮುಚ್ಚಿಕೊಳ್ಳುವುದೂ ಉಂಟು. ಆಗ ಒಂದು ನಿಮಿಷ ದಾಟಿದರೂ ಎಚ್ಚರ ಉಳಿದಿರಬಹುದು. ಪ್ರಾಣಿ ಅಲ್ಲಾಡುವುದು ನಿಂತ ಮಾತ್ರಕ್ಕೆ ಸುಲಿಯಲು ಕೈ ಹಚ್ಚಬಾರದು. ಕಣ್ಣಗುಡ್ಡೆಯನ್ನು ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿ ನೋಡಬೇಕು. ರೆಪ್ಪೆ ಮಿಟುಕಿದರೆ ಮೆದುಳಿನ ಕೆಲಸ ಇನ್ನೂ ಪೂರ್ತಿ ನಿಂತಿಲ್ಲ. ಲಯಬದ್ಧ ಉಸಿರು, ತಲೆ ಎತ್ತುವ ಯತ್ನ ಇದ್ದರೂ ಅಷ್ಟೇ.

ಪ್ರಜ್ಞೆ ತಪ್ಪಿಸುವ ಕಡೆ ಬೇರೆ ತೊಡಕುಗಳು. ವಿದ್ಯುತ್ತಿನಿಂದಾದರೆ ಕುರಿ-ಆಡಿನ ತಲೆಗೆ ಕನಿಷ್ಠ 1 ಆಂಪಿಯರ್ ಹರಿಯಬೇಕು. ಇಕ್ಕಳದ ತುದಿಗೆ ಸುಟ್ಟ ಕೂದಲು ಮೆತ್ತಿದ್ದರೆ ವೋಲ್ಟೇಜ್ ಸರಿ ತೋರಿಸಿದರೂ ಕರೆಂಟು ಹರಿಯದು. ಪ್ರಾಣಿಗೆ ಶಾಕ್ ಹೊಡೆಯುತ್ತದೆ, ಪ್ರಜ್ಞೆ ತಪ್ಪುವುದಿಲ್ಲ. ತಪ್ಪಿದ್ದೂ ಬೇಗ ಮರಳುವುದರಿಂದ 15-20 ಸೆಕೆಂಡಿನೊಳಗೆ ಕೊಯ್ದಾಗಬೇಕು. ಕ್ಯಾಪ್ಟಿವ್ ಬೋಲ್ಟ್ ಎಂದರೆ ಹಣೆಗೆ ಒತ್ತಿ ಹಿಡಿದು ಸಿಡಿಸುವ ಪಿಸ್ತೂಲಿನಂಥ ಸಾಧನ, ಒಳಗಿನ ಉಕ್ಕಿನ ಕಡ್ಡಿ ಹೊರಬಂದು ಮತ್ತೆ ಒಳಸೇರುತ್ತದೆ. ದನಕ್ಕೆ ಗುರಿ ಸುಲಭ: ಪ್ರತಿ ಕಣ್ಣಿನಿಂದ ಎದುರು ಬದಿಯ ಕೋಡಿನ ಬುಡಕ್ಕೆ ಗೆರೆ ಎಳೆದರೆ ಎರಡೂ ಕೂಡುವ ಜಾಗ. ಎಮ್ಮೆಗೆ ಇದೇ ಪಾಠ ಕೈಕೊಡುತ್ತದೆ. ಅದರ ಚರ್ಮ ದಪ್ಪ, ಹಣೆಯ ಮೂಳೆ ದಪ್ಪ, ಮೂಳೆಯೊಳಗೆ ಗಾಳಿಯ ಪೊಳ್ಳು ಅಗಲ. ದನಕ್ಕೆಂದು ಮಾಡಿದ ಕಡ್ಡಿ ಮೆದುಳಿನ ಆಳ ಮುಟ್ಟದೆ ಪೊಳ್ಳಿನಲ್ಲೇ ನಿಲ್ಲಬಹುದು. ಎಮ್ಮೆ ಕುಸಿಯುತ್ತದೆ, ಆಮೇಲೆ ಏಳಲು ನೋಡುತ್ತದೆ. ಉದ್ದದ ಕಡ್ಡಿ, ಅದನ್ನು ಸಿಡಿಸುವ ಮದ್ದಿನ ಬಲವಾದ ಕಾರ್ಟ್ರಿಜ್, ಕೈಯಳತೆಯಲ್ಲಿ ಎರಡನೇ ಸಾಧನ, ಇವು ಮೂರೂ ಇಲ್ಲದೆ ಎಮ್ಮೆಯ ಸಾಲು ಶುರು ಮಾಡಬಾರದು. ತೋಯ್ದ ಕಾರ್ಟ್ರಿಜ್, ಎಣ್ಣೆ ಕಾಣದೆ ಇಂಗಾಲ ಕಟ್ಟಿದ ಕಡ್ಡಿ ಕೈಕೊಡುವ ಮಾಮೂಲಿ ಕಾರಣಗಳು. ಮಳೆಗಾಲದಲ್ಲಿ ಮುಂಬಯಿಯ ತೇವ ಕಾರ್ಟ್ರಿಜ್ಜನ್ನು ಬಿಡುತ್ತದೆಯೇ?

ಕಡಿದ ಮೇಲಿನ ಪರೀಕ್ಷೆ ಬೇರೆಯೇ ಉಪನ್ಯಾಸ ಬೇಡುತ್ತದೆ. ಚಾಕು ತೊಳೆಯುವ ನೀರು 82 ಡಿಗ್ರಿ ಇರಬೇಕು, ಯಕೃತ್ತಿನ ಪಿತ್ತನಾಳ ಸೀಳಿ ಚಪ್ಪಟೆ ಹುಳು ನೋಡಬೇಕು, ಶ್ವಾಸಕೋಶದಲ್ಲಿ ನೀರುಗುಳ್ಳೆ ತಡವಬೇಕು. ಇಷ್ಟಕ್ಕೆ ಬಿಡುತ್ತೇನೆ.

ಇದನ್ನೆಲ್ಲ ನೋಡಿಕೊಳ್ಳುವವರು ಯಾರು? ಲೈಸೆನ್ಸ್ ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ, ವ್ಯವಸ್ಥೆಯದು. ರಕ್ತ ಸೇರಿದ ಕೊಳಚೆ ನೀರು ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿಯದು. ಎಮ್ಮೆ ಕಡಿಯಲು 1976ರ ಮಹಾರಾಷ್ಟ್ರ ಕಾಯ್ದೆಯಡಿ ಬೇರೆ ಸರ್ಟಿಫಿಕೇಟ್ ಬೇಕು: ಉಳುಮೆಗೆ, ಹಾಲಿಗೆ, ತಳಿಗೆ ಅದು ಉಪಯೋಗವಿಲ್ಲ ಎಂದು. 2015ರ ತಿದ್ದುಪಡಿಯ ನಂತರ ಎತ್ತು, ಹೋರಿಗಳನ್ನೂ ಕಡಿಯುವ ಹಾಗಿಲ್ಲ. ಎಮ್ಮೆಯ ಆ ಸರ್ಟಿಫಿಕೇಟನ್ನೇ ಆರೋಗ್ಯದ ಸರ್ಟಿಫಿಕೇಟ್ ಎಂದು ತೋರಿಸುವವರಿದ್ದಾರೆ. ಅವೆರಡೂ ಬೇರೆ ಬೇರೆ. 2012ರಲ್ಲಿ ಸುಪ್ರೀಂ ಕೋರ್ಟು ಲಕ್ಷ್ಮೀನಾರಾಯಣ ಮೋದಿ ಪ್ರಕರಣದಲ್ಲಿ ಕಸಾಯಿಖಾನೆಗಳಿಗಾಗಿ ರಾಜ್ಯಕ್ಕೊಂದು ಸಮಿತಿ ಮಾಡಲು ಹೇಳಿತು. ಇಷ್ಟು ಮಂದಿ ಯಜಮಾನರಿದ್ದೂ ನನಗೆ ದೊಡ್ಡ ದೋಷ ಕಾಣುವುದು ಒಂದೇ ಕಡೆ: ಕಸಾಯಿಖಾನೆ ನಡೆಸುವ ಸ್ಥಳೀಯ ಸಂಸ್ಥೆಯೇ ಅದನ್ನು ಪರೀಕ್ಷಿಸುವ ವೈದ್ಯರಿಗೂ ಸಂಬಳ ಕೊಡುತ್ತದೆ. ಸಾಲು ನಿಲ್ಲಿಸಿ ಎನ್ನುವ ವೈದ್ಯ ತನ್ನ ಮೇಲಧಿಕಾರಿಯ ಆದಾಯವನ್ನೇ ನಿಲ್ಲಿಸಿದ ಹಾಗೆ.

ಶಿಕ್ಷೆ? 1960ರ ಕಾಯ್ದೆಯ ಸೆಕ್ಷನ್ 11ರಲ್ಲಿ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಎರಡು ವಡಾಪಾವಿನ ಬೆಲೆ. ಹಾಗಾಗಿ ಅನುಭವಸ್ಥರು ದೂರನ್ನು ಆಹಾರ ಸುರಕ್ಷತೆಯ ಕಡೆಯಿಂದಲೂ ತರುತ್ತಾರೆ; 2006ರ ಆ ಕಾಯ್ದೆಯಲ್ಲಿ ಅಶುಚಿಯಾಗಿ ಆಹಾರ ತಯಾರಿಸಿದ್ದಕ್ಕೆ ಒಂದು ಲಕ್ಷದವರೆಗೆ ದಂಡ ಇದೆ, ಲೈಸೆನ್ಸಿಗೂ ಕುತ್ತು ಬರುತ್ತದೆ.

ಹೋಟೆಲಿನವರಿಗೆ ಒಂದು ಉಪಾಯ. ಮಟನ್ ಕೊಡುವವನನ್ನು ಅಂಗಡಿಯ ನಂಬರಲ್ಲ, ಕಡಿದ ಜಾಗದ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಕೇಳಿ. 2ರಿಂದ ಶುರುವಾದರೆ ಅದು ಬರೀ ನೋಂದಣಿ: ದಿನಕ್ಕೆ ಹೆಚ್ಚೆಂದರೆ 2 ದೊಡ್ಡ ಪ್ರಾಣಿ, ಅಥವಾ 10 ಚಿಕ್ಕವು, ಅಥವಾ 50 ಕೋಳಿ. 1ರಿಂದ ಶುರುವಾದರೆ ಲೈಸೆನ್ಸು. 150 ಚಿಕ್ಕ ಪ್ರಾಣಿ ಅಥವಾ 50 ದೊಡ್ಡವು ಮೀರಿದರೆ ಕೇಂದ್ರದ ಲೈಸೆನ್ಸೇ ಬೇಕು. ನಿಮಗೊಬ್ಬರಿಗೇ ದಿನಕ್ಕೆ 15 ಆಡು ಕಳಿಸುವ ಜಾಗದ ಸಂಖ್ಯೆ 2ರಿಂದ ಶುರುವಾಗುತ್ತಿದ್ದರೆ ಲೆಕ್ಕ ಎಲ್ಲಿ ತಪ್ಪಿತೆಂದು ಕೇಳುವ ಹಕ್ಕು ನಿಮಗಿದೆ. ತೊಡೆಯ ಮೇಲೆ ಪಾಸಾದ ಮುದ್ರೆ ಇದೆಯೇ ನೋಡಿ.

ಪ್ರಶ್ನೋತ್ತರದಲ್ಲಿ ಒಬ್ಬರು ಕೇಳಿದರು: ನಾವು ಸಾಮಾನ್ಯರು, ಒಳಗೆ ಬಿಡುವುದಿಲ್ಲ, ಏನು ಮಾಡಬಹುದು? ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು. ಶುಲ್ಕ 10 ರೂಪಾಯಿ, ಉತ್ತರ 30 ದಿನದೊಳಗೆ. ಕ್ರೌರ್ಯ ನಡೆಯುತ್ತಿದೆಯೇ ಎಂದು ಕೇಳಬೇಡಿ, ಇಲ್ಲ ಎಂಬ ಒಂದೇ ಪದದ ಉತ್ತರ ಬರುತ್ತದೆ. ಯಾವುದಾದರೂ ಒಂದು ವಾರವನ್ನು ಹೆಸರಿಸಿ ನಾಲ್ಕು ಅಂಕಿ ಕೇಳಿ: ದಿನವಾರು ಕಡಿದ ಪ್ರಾಣಿಗಳ ಸಂಖ್ಯೆ, ಅದೇ ದಿನ ಹಾಜರಿದ್ದ ಪಶುವೈದ್ಯರ ಸಂಖ್ಯೆ, ಲೇರೇಜಿನ ಒಟ್ಟು ಚದರ ಮೀಟರ್, ಪರೀಕ್ಷೆಯಲ್ಲಿ ತಿರಸ್ಕರಿಸಿದ ಪ್ರಾಣಿಗಳ ಸಂಖ್ಯೆ. ಅಂಕಿಗಳು ಬಂದ ಮೇಲೆ 96, 2.8, 1.6 ನಿಮ್ಮ ಹತ್ತಿರ ಇದ್ದೇ ಇವೆ. ನಾಲ್ಕನೆಯ ಉತ್ತರದಲ್ಲಿ 'ನಿರಂಕ', ಅಂದರೆ ಸೊನ್ನೆ, ಎಂದು ಬಂದರೆ ಅದನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಏಳು ದಿನ, ಸಾವಿರಾರು ಪ್ರಾಣಿ, ಅವುಗಳಲ್ಲಿ ಕುಂಟುವುದೂ ಗಬ್ಬದ್ದೂ ಒಂದೂ ಇರಲಿಲ್ಲ ಎಂದು ಸಹಿ ಹಾಕಿ ಬರೆದುಕೊಟ್ಟ ಕಾಗದ ಅದು.